ಎಡಗಡೆಯ ಸ್ಪೀಕರ್

ಮಾರ್ಚ್ 3, ಸೋಮವಾರ

ಬ್ಯಾಟರಿ ಏಜೆಂಟ್ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಡ್ರಾಯರಿನಲ್ಲಿ ಸ್ಕ್ರೂಗಳ ಜೊತೆ ಬಿದ್ದಿತ್ತು. ಇನ್ನು ಮೇಲೆ ಇದರ ಜೊತೆ ಮಾತಾಡುವುದೆಂದು ತೀರ್ಮಾನಿಸಿದ್ದೇನೆ, ಮನುಷ್ಯರ ಜೊತೆ ಆಗುತ್ತಿಲ್ಲ. ಈಗೀಗ ಎಲ್ಲರೂ ಬಾಯೊಳಗೇ ಗೊಣಗುತ್ತಾರೆ. ಏನು ಎಂದು ಕೇಳಿದರೆ ಮುಖ ಗಂಟು ಹಾಕುತ್ತಾರೆ. ನನ್ನ ಹೆಂಡತಿಯಂತೂ ಕಾರಿನಲ್ಲಿ ಪಕ್ಕ ಕೂತರೆ ನನ್ನ ಜೊತೆ ಮಾತಾಡುತ್ತಾಳೋ ಕಿಟಕಿಯ ಜೊತೆಗೋ ತಿಳಿಯುವುದಿಲ್ಲ. ಉತ್ತರ ಕೊಡದಿದ್ದರೆ ಅದಕ್ಕೂ ಸಿಟ್ಟು.

ಅಂಗಡಿ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಕಾರುಗಳಿಗೆ ಸ್ಟೀರಿಯೊ ಕೂರಿಸುವ ಕೆಲಸ ನಮ್ಮದು. ಗೋಡೆಯ ಮೇಲೆ ನಾನೇ ಬ್ರಷ್ ಹಿಡಿದು ಬರೆದ ಸಾಲಿದೆ: ‘ಇಲ್ಲಿ ಕಂಪನಿಯ ವೈರು ಕತ್ತರಿಸುವುದಿಲ್ಲ.’ ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಸ್ಟೀರಿಯೊದ ಬೆನ್ನಿಗೆ ಒಂದು ಪ್ಲಾಸ್ಟಿಕ್ ಕಪ್ಲರ್ ಚುಚ್ಚಿರುತ್ತದೆ, ಕಾರಿನ ವೈರುಗಳೆಲ್ಲ ಬಂದು ಅದರಲ್ಲಿ ಸೇರಿರುತ್ತವೆ. ಹೊಸ ಸೆಟ್ಟಿಗೆ ಅದು ಹೊಂದುವುದಿಲ್ಲ. ಅವಸರದವರು ಅದನ್ನು ಕಚಕ್ಕೆಂದು ಕತ್ತರಿಸಿ, ವೈರಿಗೆ ವೈರು ಹೊಸೆದು, ಟೇಪ್ ಸುತ್ತಿ ಕಳಿಸುತ್ತಾರೆ. ನಾನು ನಡುವೆ ಇನ್ನೊಂದು ಜೋಡು ಕಪ್ಲರ್ ಹಾಕುತ್ತೇನೆ. ಬೇಡವಾದ ದಿನ ಎಳೆದರೆ ಬಂತು, ಹಳೆಯ ಸೆಟ್ಟು ಮತ್ತೆ ಹಾಗೇ ಕೂತಿತು. ಈ ಜೋಡು ಕಪ್ಲರುಗಳನ್ನು ತರಿಸಿ ಊರಿನ ಅಂಗಡಿಗಳಿಗೆಲ್ಲ ಕೊಡುವವನು ನನ್ನ ಭಾಮೈದ, ಇವಳ ತಮ್ಮ.

ಇವಳಿಗೆ ಒಂದು ಹೊಸ ಚಟ ಅಂಟಿಕೊಂಡಿದೆ. ನಾನು ಕೆಲಸ ಮುಗಿಸಿ ಇಳಿದ ಮೇಲೆ, ಗಿರಾಕಿಗೆ ಕೀ ಕೊಡುವ ಮುಂಚೆ, ಗಲ್ಲಾ ಬಿಟ್ಟು ಬಂದು ಕಾರಿನೊಳಗೆ ಕೂತು ಡ್ಯಾಶ್‌ಬೋರ್ಡ್ ಒರೆಸುತ್ತಾಳೆ. ಕೈಗುರುತು ಬಿದ್ದಿರುತ್ತದಂತೆ. ಹೋದ ವರ್ಷದಿಂದ ಇದೇ ಆಗಿದೆ. ಇಷ್ಟು ಒರೆಸಿದರೆ ಬಣ್ಣವೇ ಕಿತ್ತು ಬರುತ್ತದೆ ಎಂದರೆ ನಗುತ್ತಾಳೆ.

ಮಾರ್ಚ್ 7, ಶುಕ್ರವಾರ

ಹೆಡ್ ಮೇಡಂ ಬಂದಿದ್ದರು. ನಿವೃತ್ತಿಯಾದರೂ ಇಡೀ ಬೀದಿಗೆ ಅವರು ಇನ್ನೂ ಹೆಡ್ ಮೇಡಮ್ಮೇ. ಹಳೆಯ ಕಾರು, ಆದರೆ ಸ್ವಚ್ಛವಾಗಿದೆ. ಅದರ ಸೆಟ್ಟಿನಲ್ಲಿ ಒಂದು ದೊಡ್ಡ ದುಂಡು ಗುಂಡಿ ಬಿಟ್ಟರೆ ಹೆಚ್ಚೇನಿಲ್ಲ. ಅವರಿಗೆ ಕಾರು ಓಡಿಸುತ್ತಲೇ ಫೋನಿನಲ್ಲಿ ಮಾತಾಡುವ ಹೊಸ ಸೆಟ್ಟು ಬೇಕು. ಯಜಮಾನರನ್ನು ಮನೆಯಲ್ಲಿ ಬಿಟ್ಟು ಬಂದಾಗ ಫೋನ್ ಬಂದರೆ ತಕ್ಷಣ ಎತ್ತಬೇಕಂತೆ.

“ನಮ್ಮನೆಯವರಿಗೆ ಮರೆವು ಜಾಸ್ತಿ ಆಗ್ತಿದೆ,” ಎಂದರು. “ಆದ್ರೆ ಕಾರಲ್ಲಿ ಕೂತ ತಕ್ಷಣ ಆ ಗುಂಡಿ ತಿರುಗಿಸ್ತಾರೆ. ಅದೊಂದು ಅವರ ಕೈಗೆ ನೆನಪಿದೆ. ಹೊಸದು ಅವರಿಗೆ ಒಗ್ಗದೇ ಹೋದ್ರೆ ಹಳೇದನ್ನೇ ಮತ್ತೆ ಹಾಕ್ಬೇಕಾಗುತ್ತೆ. ಅದಕ್ಕೇ ಕತ್ತರಿಸದೇ ಮಾಡೋರ ಹತ್ರ ಬಂದೆ.”

ನಾನು ಗೋಡೆಯ ಕಡೆ ಕೈ ತೋರಿಸಿದೆ. ಓದಿ ತಲೆದೂಗಿದರು. ಕಾರನ್ನು ನಾಳೆ ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುತ್ತಾರೆ.

ಮಾರ್ಚ್ 8, ಶನಿವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಸೆಟ್ಟು ಕೂತಿತು. ಹಾಡು ಹಾಕಿದೆ. ಬಲಗಡೆ ಗಂಟೆ ಹೊಡೆದ ಹಾಗೆ, ಎಡಗಡೆ ಕಂಬಳಿ ಹೊದ್ದು ಹಾಡಿದ ಹಾಗೆ. ಮೀಟರ್ ಹಚ್ಚಿದೆ, ಎಲ್ಲ ಸರಿ ಎಂದಿತು. ಮೀಟರಿಗೆ ಕಿವಿ ಇದೆಯೇ? ಸ್ಪೀಕರುಗಳನ್ನೇ ಬಿಚ್ಚಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಆಗಲೂ ಎಡಗಡೆಯೇ ಮಂಕು. ಅಂದರೆ ಸ್ಪೀಕರಿನ ತಪ್ಪಲ್ಲ, ಕಪ್ಲರಿನದು. ಅದೇ ಡಬ್ಬಿಯಿಂದ ಇನ್ನೊಂದು ತೆಗೆದು ಹಾಕಿದೆ, ಅದೂ ಹಾಗೇ. ಭಾಮೈದ ನಕಲಿ ಮಾಲು ತಂದಿದ್ದಾನೆ ಎಂಬುದು ಖಾತ್ರಿಯಾಯಿತು.

ಅಷ್ಟರಲ್ಲಿ ಮೇಡಂ ಫೋನ್ ಮಾಡಿ ಹೊರಟಿದ್ದೇನೆ ಎಂದರು. ಬೇರೆ ಕಪ್ಲರ್ ತರಿಸಲು ಸಮಯವಿಲ್ಲ, ಆಗಿಲ್ಲ ಎಂದು ಹೇಳಲು ಬಾಯಿಲ್ಲ. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಡ್ಯಾಶ್‌ಬೋರ್ಡಿನೊಳಗೆ ಕೈ ಹಾಕಿ, ಕಾರ್ಖಾನೆಯ ಕಪ್ಲರನ್ನು ವೈರಿನಿಂದ ಕತ್ತರಿಸಿಬಿಟ್ಟೆ. ವೈರಿಗೆ ವೈರು ಹೊಸೆದೆ, ಕಪ್ಪು ಟೇಪ್ ಸುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಇಷ್ಟು ಮಾಡಿದರೂ ಎಡಗಡೆ ಮಂಕೇ. ಕೊನೆಗೆ ಸೆಟ್ಟಿನಲ್ಲಿ ಎಡ-ಬಲಕ್ಕೆ ಸದ್ದು ಹಂಚುವ ಬ್ಯಾಲೆನ್ಸನ್ನು ಎಡಕ್ಕೆ ಎಳೆದು, ಎರಡೂ ಕಡೆ ಸಮನಾಗಿ ಕೇಳಿಸುವ ಹಾಗೆ ಮಾಡಿ ಮುಚ್ಚಿದೆ. ಈಚೆಗೆ ಎಷ್ಟೋ ಕಾರಿಗೆ ಹೀಗೇ ಮಾಡುತ್ತಿದ್ದೇನೆ. ಇವಳು ಒರೆಸಲು ಬರುತ್ತಿರುವುದು ಕಂಡಿತು. ಕತ್ತರಿಸಿದ ಕಪ್ಲರನ್ನು ಗುಜರಿ ಡಬ್ಬಕ್ಕೆ ಎಸೆದು ಮೇಲೆ ಹಳೆಯ ತಂತಿ ಮುಚ್ಚಿದೆ. ಗುಜರಿಯವನು ಸಂಜೆ ಡಬ್ಬ ಖಾಲಿ ಮಾಡಿಕೊಂಡು ಹೋದ.

ಕೀ ತೆಗೆದುಕೊಳ್ಳುವಾಗ ಮೇಡಂ ಗೋಡೆಯ ಸಾಲನ್ನು ಮತ್ತೊಮ್ಮೆ ಓದಿದರು. “ಈ ಕಾಲದಲ್ಲಿ ಹೀಗೆ ಕೆಲಸ ಮಾಡೋರು ಎಲ್ಲಿ ಸಿಗ್ತಾರೆ,” ಎಂದರು. ನಾನು ನೆಲ ನೋಡುತ್ತಾ ನಿಂತೆ. ಇವಳು ನನ್ನ ಮುಖ ನೋಡಿದಳು.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಭಾಮೈದ ಮಾಲು ಇಳಿಸಲು ಬಂದ. ಎರಡು ದಿನದಿಂದ ಕೂಡಿಟ್ಟುಕೊಂಡಿದ್ದದ್ದೆಲ್ಲ ಅವನ ಮೇಲೆ ಸುರಿದೆ. ಅದೂ ಅಂಗಡಿಯೊಳಗಲ್ಲ, ಬೀದಿಯಲ್ಲಿ, ಎದುರಿನ ಟೈರ್ ಅಂಗಡಿಯವನ ಮುಂದೆ. ಅವನನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಾರೆ. ಟೈರಿಗೆ ತುಂಬುವ ಗಾಳಿಗಿಂತ ಬೀದಿಗೆ ಬಿಡುವ ಗಾಳಿಸುದ್ದಿ ಹೆಚ್ಚು.

“ಭಾವ, ಮೀಟರ್ ಇಟ್ಟು ನೋಡಿದ್ರಾ?” ಎಂದ ಭಾಮೈದ.

“ಮೀಟರ್ ನೀನಿಟ್ಕೊ. ನನಗೆ ಕಿವಿ ಇದೆ.”

“ಬೇರೆ ಯಾರೂ ದೂರು ಹೇಳಿಲ್ಲ.”

“ಅವರಿಗೆ ಗೊತ್ತಾದ್ರೆ ತಾನೇ ಹೇಳೋದು. ಅಕ್ಕನ ಮನೇಗೇ ನಕಲಿ ಮಾಲು ತಂದು ಸುರೀತೀಯ. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ.”

ಅವನು ಡಬ್ಬಿಗಳನ್ನು ಮತ್ತೆ ಗಾಡಿಗೆ ಏರಿಸಿದ. ಏರಿಸುತ್ತಾ ಆ ಪಕ್ಕದಿಂದ ಏನೋ ಅಂದ, ನನಗೆ ತಿಳಿಯಲಿಲ್ಲ. ಅವನೂ ಗೊಣಗುವವರ ಪೈಕಿಯೇ. ಇವಳು ಗಲ್ಲಾದ ಹಿಂದೆ ಎದ್ದು ನಿಂತಿದ್ದಳು. ನಾನು ಒಳಗೆ ಹೋಗಿ ಕೈ ತೊಳೆದೆ, ತೊಳೆಯುತ್ತಲೇ ಇದ್ದೆ. ಬೈದದ್ದಕ್ಕೆ ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಕತ್ತರಿಸಿದವನು ನಾನು, ಬೈಸಿಕೊಂಡವನು ಅವನು.

ಮಾರ್ಚ್ 15, ಶನಿವಾರ

ಗಾಳಿಯಣ್ಣ ತನ್ನ ಕೆಲಸ ಚೊಕ್ಕವಾಗಿ ಮಾಡಿದ್ದಾನೆ. ಊರಿನ ಸ್ಟೀರಿಯೊ ಅಂಗಡಿಗಳವರೆಲ್ಲ ಭಾಮೈದನ ಡಬ್ಬಿಗಳನ್ನು ವಾಪಸ್ ಕಳಿಸಿದ್ದಾರಂತೆ. ಸ್ವಂತ ಭಾವನೇ ನಕಲಿ ಎಂದ ಮೇಲೆ ಇನ್ನು ಯಾರು ಕೊಳ್ಳುತ್ತಾರೆ?

ಇವಳು ಊಟದ ಡಬ್ಬಿಯನ್ನು ಟೇಬಲ್ ಮೇಲೆ ಕುಕ್ಕಿ, ಎದುರಿಗೆ ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು: “ನನ್ನ ತಮ್ಮನ ಅನ್ನಕ್ಕೆ ಮಣ್ಣು ಹಾಕಿದ್ರಿ ನೀವು.” ಈ ಸಲ ಗೊಣಗಲಿಲ್ಲ, ಚೆನ್ನಾಗಿ ಕೇಳಿಸಿತು.

ಮನೆಯಲ್ಲಿ ಮಾತಿಲ್ಲ. ಬಲಮಗ್ಗುಲಾಗಿ ಮಲಗಿದರೆ ಎಷ್ಟು ನಿಶ್ಶಬ್ದ ಎಂದರೆ ಬೆಳಗಿನ ಅಲಾರಂ ಕೂಡ ಏಳಿಸುವುದಿಲ್ಲ. ಈಗ ದಿನವೂ ಬಲಮಗ್ಗುಲಿಗೇ ಮಲಗುತ್ತೇನೆ.

ಮಾರ್ಚ್ 19, ಬುಧವಾರ

ಇವತ್ತು ಒಂದು ಟ್ಯಾಕ್ಸಿ ಬಂದಿತ್ತು. ಸೆಟ್ಟು ಹಾಕಿದೆ, ಹಾಡು ಹಚ್ಚಿದೆ. ಅದೇ ಕಥೆ, ಎಡಗಡೆ ಮಂಕು. ಇದಕ್ಕೆ ಭಾಮೈದನ ಕಪ್ಲರ್ ಹಾಕಿರಲಿಲ್ಲ, ಬೇರೆ ಊರಿನಿಂದ ತರಿಸಿದ್ದು. ಎಲ್ಲರೂ ಕಳ್ಳರೇ ಎಂದುಕೊಂಡೆ.

ಹಿಂದಿನ ಸ್ಪೀಕರಿನ ಜಾಲರಿ ಗಡಗಡ ಎನ್ನುತ್ತಿತ್ತು. ಕೆಳಗಿಳಿದು ಸುತ್ತಿ ಹೋಗಲು ಬೇಸರವಾಗಿ, ಡ್ರೈವರ್ ಸೀಟಿನ ಮೇಲೆಯೇ ಮಂಡಿಯೂರಿ ಹಿಂದಕ್ಕೆ ತಿರುಗಿ ಬಗ್ಗಿದೆ. ಹಾಡು ಓಡುತ್ತಲೇ ಇತ್ತು. ಸತ್ತಿದ್ದ ಎಡಗಡೆಯ ಸ್ಪೀಕರ್ ಚೆನ್ನಾಗಿ ಹಾಡುತ್ತಿತ್ತು. ಬಲಗಡೆಯದು ಸತ್ತಿತ್ತು.

ವೈರು ಸಡಿಲವಿರಬೇಕೆಂದುಕೊಂಡು ಮುಂದಕ್ಕೆ ತಿರುಗಿ ಕೂತೆ. ಎಡಗಡೆ ಸತ್ತಿತು. ಮತ್ತೆ ಹಿಂದಕ್ಕೆ ತಿರುಗಿದೆ. ಬಲಗಡೆ ಸತ್ತಿತು. ಹೀಗೆ ಸೀಟಿನ ಮೇಲೆ ಹುಚ್ಚನ ಹಾಗೆ ಅತ್ತಿತ್ತ ತಿರುಗಿದೆ. ನಾನು ತಿರುಗಿದ ಹಾಗೆಲ್ಲ ದೋಷವೂ ನನ್ನ ಜೊತೆ ತಿರುಗುತ್ತಿತ್ತು.

ಕೊನೆಗೆ ಬಲಗಿವಿಗೆ ಬೆರಳಿಟ್ಟು ಕೂತೆ. ಹಾಡು ನಿಂತೇ ಹೋದ ಹಾಗಾಯಿತು. ಸೆಟ್ಟಿನ ದೀಪ ಉರಿಯುತ್ತಿತ್ತು. ಟ್ಯಾಕ್ಸಿಯವನು ಕಿಟಕಿಯ ಹೊರಗೆ ಹಾಡಿನ ತಾಳಕ್ಕೆ ಬೆರಳು ಕುಟ್ಟುತ್ತಿದ್ದ.

ಮಾರ್ಚ್ 20, ಗುರುವಾರ

ತಲೆನೋವೆಂದು ಅಂಗಡಿಗೆ ಹೋಗಲಿಲ್ಲ. ತಲೆ ನೋಯುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಮಾರ್ಚ್ 24, ಸೋಮವಾರ

ಯಾವುದು ಆಗಬಾರದು ಎಂದುಕೊಂಡಿದ್ದೆನೋ ಅದೇ ಆಯಿತು. ಹೆಡ್ ಮೇಡಂ ಬಂದರು. ಪಕ್ಕದ ಸೀಟಿನಲ್ಲಿ ಯಜಮಾನರು. ಎತ್ತರದ ಆಳು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ. ಅವರ ಕೈ ಹೊಸ ಸೆಟ್ಟಿನ ಗಾಜಿನ ಮೇಲೆ ಗುಂಡಿಯನ್ನು ಹುಡುಕುತ್ತಿತ್ತು. ಸಿಗದಾಗ ಕೈ ಹಿಂದಕ್ಕೆ ಎಳೆದುಕೊಂಡು, ಮತ್ತೆ ಚಾಚುತ್ತಿದ್ದರು.

“ಕಾರು ಹತ್ತೋಕೇ ಒಪ್ತಿಲ್ಲ ಈಗ,” ಎಂದರು ಮೇಡಂ. “ಇದು ನಮ್ಮ ಕಾರಲ್ಲ ಅಂತಾರೆ. ನನ್ನ ಫೋನು ಹಾಳಾಗಲಿ, ಹಳೇದನ್ನೇ ಹಾಕಿಬಿಡಿ. ನೀವು ಕತ್ತರಿಸದೇ ಮಾಡಿದ್ದು ಎಷ್ಟು ಒಳ್ಳೇದಾಯ್ತು ನೋಡಿ.”

ಹಳೆಯ ಸೆಟ್ಟು ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಭದ್ರವಾಗಿದೆ. ಅದರ ಬೆನ್ನಿಗೆ ಚುಚ್ಚುವ ಕಪ್ಲರ್ ಯಾವ ಗುಜರಿಯಲ್ಲಿದೆಯೋ ದೇವರಿಗೇ ಗೊತ್ತು. ಇವತ್ತು ಕೆಲಸ ಜಾಸ್ತಿ ಇದೆ, ಮುಂದಿನ ವಾರ ತನ್ನಿ ಎಂದೆ. ಅಂಗಡಿಯಲ್ಲಿ ಒಂದು ಕಾರೂ ಇರಲಿಲ್ಲ. ಮೇಡಂ ಖಾಲಿ ಅಂಗಡಿಯನ್ನು ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮಾರ್ಚ್ 26, ಬುಧವಾರ

ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಬಲಗಿವಿಯದು ಮುಗಿಯಿತು. ಎಡಗಿವಿಯದು ಶುರುವಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಆಗ ಗಾಜಿನಾಚೆ ಕೂತ ಹುಡುಗಿಯ ಭುಜ ಕಂಡಿತು. ಶಬ್ದ ಕಳಿಸುವಾಗಲೆಲ್ಲ ಅದು ಸ್ವಲ್ಪ ಅಲುಗುತ್ತಿತ್ತು. ಭುಜ ಅಲುಗಿದಾಗಲೆಲ್ಲ ನಾನು ಬಟನ್ ಒತ್ತಿದೆ.

“ನಿಮ್ಮ ವಯಸ್ಸಿಗೆ ಎಡಗಿವಿ ಆಶ್ಚರ್ಯ ಆಗೋಷ್ಟು ಚೆನ್ನಾಗಿದೆ ಅಂಕಲ್,” ಎಂದಳು ಆ ಹುಡುಗಿ.

ಮೊದಲು ಸಂತೋಷವಾಯಿತು. ಆಸ್ಪತ್ರೆಯ ಮೆಟ್ಟಿಲು ಇಳಿಯುವ ಹೊತ್ತಿಗೆ ಹೇಸಿಗೆಯಾಯಿತು. ಶಾಲೆಯಲ್ಲೂ ಕಾಪಿ ಹೊಡೆದವನಲ್ಲ ನಾನು. ಕಂಪನಿಯ ವೈರನ್ನೂ ಕತ್ತರಿಸಿದವನಲ್ಲ. ಒಂದೇ ತಿಂಗಳಲ್ಲಿ ಎರಡನ್ನೂ ಮಾಡಿದೆ.

ಮಾರ್ಚ್ 29, ಶನಿವಾರ

ಭಾಮೈದನ ಅಂಗಡಿಗೆ ಹೋದೆ. ವಾಪಸ್ ಬಂದ ಡಬ್ಬಿಗಳು ಬಾಗಿಲವರೆಗೂ ಪೇರಿಸಿದ್ದವು. ನನ್ನನ್ನು ಕಂಡು ಎದ್ದು ನಿಂತ, ಎಷ್ಟಾದರೂ ಅಕ್ಕನ ಗಂಡ. ಬೆಂಚಿನ ಮೇಲೆ ಕೂತೆ. ಅವನು ನನ್ನ ಎಡಕ್ಕೆ ಕೂತು, ನೆಲ ನೋಡುತ್ತಾ ಮಾತಾಡಲು ಶುರು ಮಾಡಿದ. ತುಂಬಾ ಹೊತ್ತು ಮಾತಾಡಿದ. ನಾನು ಅಭ್ಯಾಸದಂತೆ ತಲೆಯಾಡಿಸುತ್ತಾ ಇದ್ದೆ. ಅವನ ಕಣ್ಣಲ್ಲಿ ನೀರು ಬಂದದ್ದು ಕಂಡಾಗ ನನ್ನ ತಲೆ ತಾನಾಗಿ ನಿಂತಿತು.

“ನಿಲ್ಲಿಸೋ,” ಎಂದೆ. “ನೀನು ಹೇಳಿದ್ದು ಒಂದೂ ನನಗೆ ಕೇಳಿಸಿಲ್ಲ. ಆ ಕಿವಿ ಹೋಗಿದೆ.”

ಅವನು ನನ್ನನ್ನೇ ನೋಡಿದ.

“ನಿನ್ನ ಕಪ್ಲರ್ ಸರಿಯಾಗೇ ಇತ್ತು. ಕೆಟ್ಟಿದ್ದು ನಂದು. ತಪ್ಪಾಯ್ತು ಕಣೋ.”

ಅವನು ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡೆ. ಸುತ್ತಿ ಬಂದು ನನ್ನ ಬಲಕ್ಕೆ ಕೂತ.

“ಈಗ ಹೇಳು, ಏನಂದೆ?”

“ಅದು ಎರಡನೇ ಸಲ ಹೇಳೋ ಮಾತಲ್ಲ ಬಿಡಿ ಭಾವ.”

ಆಮೇಲೆ ಮೇಡಂ ಕಾರಿನ ವಿಷಯ ಹೇಳಿದೆ. ಕತ್ತರಿಸಿದೆ ಎಂದಾಗ ಅವನು ನಂಬಲಿಲ್ಲ, ಎರಡು ಸಲ ಹೇಳಬೇಕಾಯಿತು. ಅಂಥ ಕಪ್ಲರ್ ಈಗ ಹೊಸದು ಬರುವುದಿಲ್ಲವಂತೆ. ಗುಜರಿಗೆ ಬಿದ್ದ ಅದೇ ಮಾದರಿಯ ಕಾರು ಸಿಕ್ಕರೆ, ಒಂದು ಗೇಣು ವೈರಿನ ಸಮೇತ ಬಿಡಿಸಿ ತರಬಹುದು ಎಂದ.

ಹಿಂತಿರುಗುವಾಗ ಗಾಳಿಯಣ್ಣನ ಮುಂದೆ ನಿಂತೆ. ಮಾಲು ನಕಲಿಯಲ್ಲ, ನನ್ನ ಎಡಗಿವಿ ಕೇಳಿಸುವುದಿಲ್ಲ ಎಂದೆ. ಅವನಿಗೆ ಹೇಳಿದರೆ ಸಂಜೆಯೊಳಗೆ ಎಲ್ಲ ಅಂಗಡಿಗೂ ಮುಟ್ಟುತ್ತದೆ, ಅವನ ರೋಗವನ್ನೇ ಮದ್ದು ಮಾಡಿಕೊಂಡೆ. ಆದರೆ ಅವನು ಟೈರ್ ಉರುಳಿಸುವುದನ್ನು ನಿಲ್ಲಿಸಲೂ ಇಲ್ಲ.

“ಕಿವಿ ವಿಷಯ ಗೊತ್ತಲ್ಲಣ್ಣ. ಆ ಕಡೆಯಿಂದ ಕೂಗಿದ್ರೆ ನೀವು ತಿರುಗಲ್ಲ. ನಾವೆಲ್ಲ ಈ ಕಡೆಯಿಂದ್ಲೇ ಬರ್ತೀವಲ್ಲ.”

ಹೌದು, ಬರುತ್ತಾರೆ. ಎಷ್ಟು ದಿನದಿಂದಲೋ ಬರುತ್ತಿದ್ದಾರೆ. ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಬಾಯಿ ಇದೊಂದನ್ನು ಇಟ್ಟುಕೊಂಡಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನಿಸಿತು.

ಏಪ್ರಿಲ್ 5, ಶನಿವಾರ

ನಿನ್ನೆ ಭಾಮೈದ ಕಪ್ಲರ್ ತಂದ. ಗುಜರಿಯಲ್ಲಿ ಸುತ್ತಾಡಿ ಅಂಗೈ ಕೊಯ್ದುಕೊಂಡಿದ್ದ. ಇವತ್ತು ಬೆಳಿಗ್ಗೆಯಿಂದ ಮೇಡಂ ಕಾರಿನಲ್ಲೇ ಇದ್ದೆ. ಟೇಪ್ ಬಿಚ್ಚಿ, ಒಂದೊಂದು ವೈರನ್ನೂ ಅದರದರ ಜೋಡಿಗೆ ಬೆಸೆದು, ಬೆಸುಗೆಯ ಮೇಲೆ ಪ್ಲಾಸ್ಟಿಕ್ ತೋಳು ತೊಡಿಸಿ ಬಿಸಿ ಮಾಡಿ ಬಿಗಿಯಾಗಿ ಕೂರಿಸಿದೆ. ಇದಕ್ಕಿಂತ ಚೆನ್ನಾಗಿ ಬೆಸೆಯಲು ನನಗೆ ಬರುವುದಿಲ್ಲ. ಆದರೂ ಬೆಸೆದದ್ದು ಬೆಸೆದದ್ದೇ.

ಸಂಜೆ ಮೇಡಂ ಯಜಮಾನರನ್ನು ಕರೆದುಕೊಂಡು ಬಂದರು. ಅವರು ಅನುಮಾನದಿಂದಲೇ ಕಾರಿನೊಳಗೆ ಕೂತರು. ಕೈ ಚಾಚಿದರು. ಗುಂಡಿ ಸಿಕ್ಕಿತು. ತಿರುಗಿಸಿದರು, ರೇಡಿಯೊ ಹಾಡಿತು. “ಹೊರಡೋಣ ನಡಿ, ಹೊತ್ತಾಯ್ತು,” ಎಂದರು ಹೆಂಡತಿಗೆ, ಎಲ್ಲಿಗೆ ಎನ್ನುವುದನ್ನು ಹೇಳಲಿಲ್ಲ.

ಮೇಡಂ ಕಣ್ಣೊರೆಸಿಕೊಂಡರು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಳಗೊಬ್ಬ ಹೇಳುತ್ತಿದ್ದ. ಅವನ ಮಾತು ಮಾತ್ರ ಎರಡೂ ಕಿವಿಗೆ ಕೇಳಿಸುತ್ತದೆ.

“ಮೇಡಂ, ಅವತ್ತು ನಾನು ಕತ್ತರಿಸಿದ್ದೆ,” ಎಂದೆ. “ಎಡಗಡೆ ಸೌಂಡು ಬರ್ತಿಲ್ಲ ಅಂದ್ಕೊಂಡು. ಬರ್ತಾ ಇತ್ತು, ನನಗೆ ಕೇಳಿಸ್ತಿರಲಿಲ್ಲ. ಈಗ ಬೆಸೆದಿದೀನಿ. ಗಟ್ಟಿಯಾಗಿದೆ, ಆದ್ರೆ ಮೊದಲಿನ ಹಾಗಲ್ಲ.”

ಅವರು ಗೋಡೆಯ ಕಡೆ ನೋಡಿದರು. ಸಾಲು ಅಲ್ಲಿರಲಿಲ್ಲ, ಬೆಳಿಗ್ಗೆಯೇ ಸುಣ್ಣ ಬಳಿದಿದ್ದೆ.

“ನನಗೆ ಸಿಟ್ಟು ಬಂದಿದೆ,” ಎಂದರು, ಶಾಲೆಯಲ್ಲಿ ಹೇಳುತ್ತಿದ್ದರೇನೋ ಹಾಗೆ. “ಬರಬೇಕಾದ್ದೇ ಅಲ್ವಾ? ಅವತ್ತು ಕೀ ತಗೊಳ್ಳೋಕೆ ಮುಂಚೆ ಕಾರಲ್ಲಿ ಕೂತು ನೋಡಿದಾಗ ಬರೀ ಒಂದು ಪಕ್ಕದಲ್ಲಿ ಹಾಡು ಬರ್ತಿತ್ತು. ಒರೆಸೋಕೆ ಬಂದ ನಿಮ್ಮ ಮನೆಯವರು ಏನೋ ಒತ್ತಿ ಮಧ್ಯಕ್ಕೆ ತಂದ್ರು. ಯಾಕಮ್ಮ ಅಂದ್ರೆ, ನಮ್ಮ ಯಜಮಾನ್ರು ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿ ಮಾಡ್ತಾರೆ ಮೇಡಂ ಅಂದ್ರು.”

ಕಾರು ಹೋಯಿತು. ಗಲ್ಲಾದ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹೋದ ವರ್ಷದಿಂದ ಎಷ್ಟು ಕಾರು, ಎಷ್ಟು ಸಲ. ನಾನು ಎಡಕ್ಕೆ ಎಳೆದದ್ದನ್ನೆಲ್ಲ ಇವಳು ಒಂದು ಬಟ್ಟೆ ಹಿಡಿದುಕೊಂಡು ಬಂದು ಮಧ್ಯಕ್ಕೆ ತಂದಿಟ್ಟಿದ್ದಾಳೆ. ನಾನು ಅವಳ ತಮ್ಮನನ್ನು ಬೀದಿಯಲ್ಲಿ ಬೈಯುವಾಗಲೂ ಅವಳಿಗೆ ಗೊತ್ತಿತ್ತು. ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು, ಅದೂ ಗಾಳಿಯಣ್ಣನ ಮುಂದೆ. ಮುಚ್ಚಿಸಲಿಲ್ಲ.

ಏಪ್ರಿಲ್ 7, ಸೋಮವಾರ

ಇವಳ ಜೊತೆ ಮತ್ತೆ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಈ ಸಲ ಕಣ್ಣು ಮುಚ್ಚಿ ಕೂತೆ. ಎಡಗಿವಿಯ ಸರದಿಯಲ್ಲಿ ಒಂದು ಸಲವೂ ಬಟನ್ ಒತ್ತಲಿಲ್ಲ.

ಏಪ್ರಿಲ್ 8, ಮಂಗಳವಾರ

ಭಾಮೈದನ ಡಬ್ಬಿಗಳು ಮತ್ತೆ ಅಂಗಡಿಗಳಿಗೆ ಹೋಗುತ್ತಿವೆ, ಎಲ್ಲ ಕಡೆಗೂ ಅಲ್ಲ. ನಮ್ಮಲ್ಲಿಗೆ ಮೊದಲು ಇಳಿಸಿದ.

ಮಧ್ಯಾಹ್ನ ಒಂದು ಕಾರಿಗೆ ಸೆಟ್ಟು ಕೂರಿಸಿ ಮುಗಿಸಿದೆ. ಹಾಡು ಹಚ್ಚಿದೆ. ಬೆರಳು ಬ್ಯಾಲೆನ್ಸಿನ ಕಡೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಇವಳು ಆಗಲೇ ಬಟ್ಟೆ ಹಿಡಿದು ಗಲ್ಲಾದಿಂದ ಎದ್ದಿದ್ದಳು. ಗಿರಾಕಿ ಅಲ್ಲೇ ನಿಂತಿದ್ದ, ಗಾಳಿಯಣ್ಣನೂ ಇದ್ದ.

“ಒರೆಸೋದು ಏನೂ ಇಲ್ಲ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ನೀನು ಕೂತು ಕೇಳಿ ಹೇಳು. ನನಗೆ ತಿಳಿಯಲ್ಲ.”

ಇವಳು ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಬಂದಳು. ಡ್ರೈವರ್ ಸೀಟನ್ನು ಅವಳಿಗೆ ಬಿಟ್ಟು ನಾನು ಪಕ್ಕದ ಸೀಟಿನಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಅಂಗಡಿಗೆ ಬಂದ ಯಾವ ಕಾರಿನಲ್ಲೂ ಅಲ್ಲಿ ಕೂತವನಲ್ಲ. ಅಲ್ಲಿ ಕೂತರೆ ಇವಳು ನನ್ನ ಬಲಕ್ಕೆ ಇರುತ್ತಾಳೆ.